ಉಪ್ಪಿನಲ್ಲಿರುವುದು ಅಯೋಡಿನ್ ಅಲ್ಲ, ಅಯೋಡೇಟ್

ಪುಡಿಯುಪ್ಪಿನ ಪೊಟ್ಟಣದ ಮುಂಭಾಗದಲ್ಲಿ ‘ಅಯೋಡಿನ್‌ಯುಕ್ತ’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಅದೇ ಪೊಟ್ಟಣವನ್ನು ತಿರುಗಿಸಿ ಸಣ್ಣಕ್ಷರದ ಪಟ್ಟಿ ಓದಿದರೆ ಅಲ್ಲಿ ಸಾಮಾನ್ಯವಾಗಿ ಕಾಣುವುದು ಪೊಟ್ಯಾಸಿಯಂ ಅಯೋಡೇಟ್. ಮುಂಭಾಗದ ಮಾತು ಸುಳ್ಳಲ್ಲ, ಆದರೆ ಅರ್ಧ ಮಾತು. ಅಯೋಡಿನ್ ಎಂಬ ಧಾತು ಕಡುಬೂದು ಬಣ್ಣದ ಹೊಳಪಿನ ಹರಳು. ಬಿಸಿ ತಾಗಿದರೆ ನೇರಳೆ ಆವಿಯಾಗುತ್ತದೆ, ಕೈಗೆ ತಾಗಿದರೆ ಕಂದು ಕಲೆ ಬಿಡುತ್ತದೆ, ಹೊಟ್ಟೆಗೆ ಹೋದರೆ ಸುಡುತ್ತದೆ. ಗಾಯಕ್ಕೆ ಹಚ್ಚುವ ಟಿಂಚರಿನಲ್ಲಿ ಇರುವುದು ಇದು. ಇದನ್ನು ಯಾರೂ ಉಪ್ಪಿಗೆ ಬೆರೆಸುವುದಿಲ್ಲ. ಉಪ್ಪಿಗೆ ಬೆರೆಸುವುದು ಅಯೋಡಿನ್ನಿನ ಲವಣವನ್ನು, ಅದರಲ್ಲೂ ನಮ್ಮ ದೇಶದಲ್ಲಿ ಅಯೋಡೇಟನ್ನು. ಆರೋಗ್ಯ ಇಲಾಖೆಯ ಭಿತ್ತಿಪತ್ರದಲ್ಲಿ, ಶಾಲೆಯ ಪಾಠದಲ್ಲಿ, ಪತ್ರಿಕೆಯ ವರದಿಯಲ್ಲಿ ‘ಅಯೋಡಿನ್’ ಎಂಬ ಒಂದೇ ಹೆಸರಿನಿಂದ ಎಲ್ಲವನ್ನೂ ಸಾಗಹಾಕುವ ರೂಢಿಯನ್ನು ಬಿಟ್ಟು, ಯಾವ ಲವಣ ಎಂಬುದನ್ನು ಹೆಸರಿಟ್ಟು ಹೇಳಬೇಕು ಎಂಬುದು ನನ್ನ ವಾದ. ಉಪ್ಪಿನ ಬಗ್ಗೆ ಹಬ್ಬಿರುವ ಹುಸಿ ಭಯಗಳಿಗೂ ಹುಸಿ ಭರವಸೆಗಳಿಗೂ ಈ ಅರ್ಧ ಮಾತಿನಲ್ಲೇ ಬೇರಿದೆ.

ಧಾತು ಒಂದೇ ಆದರೂ ಅದು ಯಾವ ರೂಪದಲ್ಲಿದೆ ಎಂಬುದರ ಮೇಲೆ ಗುಣ ಬದಲಾಗುವುದು ರಸಾಯನಶಾಸ್ತ್ರದಲ್ಲಿ ಹೊಸ ಸಂಗತಿಯೇನಲ್ಲ. ಮೊದಲ ಮಹಾಯುದ್ಧದಲ್ಲಿ ಸೈನಿಕರ ಶ್ವಾಸಕೋಶ ಸುಟ್ಟ ಅನಿಲ ಕ್ಲೋರಿನ್. ಸಾರಿಗೆ ಹಾಕುವ ಉಪ್ಪು ಸೋಡಿಯಂ ಕ್ಲೋರೈಡ್. ಅಯೋಡಿನ್ ಅದೇ ಕುಟುಂಬದ್ದು. ಅದರ ಪರಮಾಣು ಒಂದು ಎಲೆಕ್ಟ್ರಾನನ್ನು ಪಡೆದು ಪೊಟ್ಯಾಸಿಯಂ ಅಥವಾ ಸೋಡಿಯಂ ಜೊತೆ ಕೂಡಿದರೆ ಅಯೋಡೈಡ್. ಅಯೋಡಿನ್ನಿನ ಜೊತೆ ಮೂರು ಆಮ್ಲಜನಕ ಪರಮಾಣುಗಳೂ ಸೇರಿ ಲವಣವಾದರೆ ಅಯೋಡೇಟ್. ಪೊಟ್ಯಾಸಿಯಂ ಅಯೋಡೈಡಿನ ತೂಕದಲ್ಲಿ ಶೇ 76ರಷ್ಟು ಅಯೋಡಿನ್ ಇದ್ದರೆ, ಪೊಟ್ಯಾಸಿಯಂ ಅಯೋಡೇಟಿನಲ್ಲಿ ಇರುವುದು ಶೇ 59ರಷ್ಟು. ಒಂದು ಟನ್ ಉಪ್ಪಿಗೆ 30 ಗ್ರಾಂ ಅಯೋಡಿನ್ ಸೇರಬೇಕೆಂದರೆ ಸುಮಾರು 50 ಗ್ರಾಂ ಅಯೋಡೇಟ್ ಬೇಕು, ಅಯೋಡೈಡಾದರೆ 39 ಗ್ರಾಂ ಸಾಕು. ಲೆಕ್ಕದಲ್ಲೇ ಇಷ್ಟು ಅಂತರ ಇರುವಾಗ ‘30 ಮಿಲಿಗ್ರಾಂ’ ಎಂದು ಬರೆದು, ಯಾವುದರ 30 ಎಂದು ಹೇಳದಿದ್ದರೆ ಓದುಗನಿಗೆ ಸಿಕ್ಕ ಮಾಹಿತಿ ಏನು?

ಅಯೋಡೈಡ್ ಎಂಬ ಹೆಸರಿನೊಳಗೂ ಒಂದು ಲೋಕವಿದೆ. 2017ರಲ್ಲಿ ಕರ್ನಾಟಕ ಸರ್ಕಾರ ‘ವರ್ಷಧಾರೆ’ ಎಂದು ಹೆಸರಿಟ್ಟು ಜಕ್ಕೂರಿನಿಂದ ವಿಮಾನ ಹಾರಿಸಿ ಮೋಡ ಬಿತ್ತನೆ ಮಾಡಿಸಿತು. ಆಗ ಪತ್ರಿಕೆಗಳಲ್ಲಿ ಸಿಲ್ವರ್ ಅಯೋಡೈಡ್ ಎಂಬ ಹೆಸರು ಓಡಾಡಿತು. 1946ರಲ್ಲಿ ಅಮೆರಿಕದ ಬರ್ನಾರ್ಡ್ ವಾನೆಗಟ್ ಇದನ್ನು ಮೋಡಕ್ಕೆ ಆರಿಸಿಕೊಂಡಿದ್ದು ಅದರಲ್ಲಿ ಅಯೋಡಿನ್ ಇದೆ ಎಂದಲ್ಲ. ಅದರ ಹರಳಿನ ರಚನೆ ಮಂಜುಗಡ್ಡೆಯ ಹರಳನ್ನು ಹೋಲುತ್ತದೆ, ಅದರ ಸುತ್ತ ಮೋಡದ ಅತಿಶೀತಲ ನೀರು ಹೆಪ್ಪುಗಟ್ಟುತ್ತದೆ ಎಂದು. ಪೊಟ್ಯಾಸಿಯಂ ಅಯೋಡೈಡ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಸಿಲ್ವರ್ ಅಯೋಡೈಡ್ ಕರಗುವುದೇ ಇಲ್ಲವೆನ್ನಬೇಕು. ಇನ್ನು ಸೋಡಿಯಂ ಅಯೋಡೈಡನ್ನು ವಿಕಿರಣಶೀಲ ಅಯೋಡಿನ್-131ರಿಂದ ಮಾಡಿದರೆ ಅದು ಥೈರಾಯಿಡ್ ಕ್ಯಾನ್ಸರಿಗೆ ಕೊಡುವ ಔಷಧ, ಗ್ರಂಥಿಯ ಅಂಗಾಂಶವನ್ನೇ ಸುಡುವಂಥದ್ದು. ಸಾಧಾರಣ ಅಯೋಡಿನ್ನಿನಿಂದ ಮಾಡಿದರೆ ಅದೇ ಗ್ರಂಥಿಗೆ ಆಹಾರ. ಜೊತೆಗಾರ ಲೋಹ ಯಾವುದು, ಅಯೋಡಿನ್ನಿನ ಬಗೆ ಯಾವುದು, ಪ್ರಮಾಣ ಎಷ್ಟು ಎಂಬ ಮೂರನ್ನು ಬಿಟ್ಟು ‘ಅಯೋಡಿನ್ ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳುವ ಪ್ರಶ್ನೆಗೆ ಉತ್ತರವೇ ಇಲ್ಲ.

ನಮ್ಮ ಉಪ್ಪಿಗೆ ಅಯೋಡೇಟ್ ಬಂದದ್ದು ಯಾರದೋ ಮನಸ್ಸಿಗೆ ತೋಚಿದ್ದರಿಂದಲ್ಲ. ಸ್ವಿಟ್ಜರ್ಲೆಂಡ್ 1922ರಲ್ಲಿ, ಅಮೆರಿಕದ ಮಿಷಿಗನ್ ರಾಜ್ಯ 1924ರಲ್ಲಿ ಉಪ್ಪಿನ ಮೂಲಕ ಗಳಗಂಡವನ್ನು ತಡೆಯಲು ಹೊರಟಾಗ ಬಳಸಿದ್ದು ಅಯೋಡೈಡನ್ನು. ಭಾರತದಲ್ಲಿ 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಅಧ್ಯಯನ ಬೇರೆ ದಾರಿ ತೋರಿಸಿತು. ಕಣಿವೆಯನ್ನು ಮೂರು ವಲಯಗಳಾಗಿ ಮಾಡಿ, ಒಂದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ಉಪ್ಪು, ಮತ್ತೊಂದಕ್ಕೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಿದ ಉಪ್ಪು, ನಡುವಿನದಕ್ಕೆ ಬರಿಯ ಉಪ್ಪು ಒದಗಿಸಿದರು. ಐದಾರು ವರ್ಷಗಳಲ್ಲಿ ಬೆರಕೆಯ ಉಪ್ಪು ತಿಂದ ಎರಡೂ ವಲಯಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು, ಬರಿಯ ಉಪ್ಪಿನ ವಲಯದಲ್ಲಿ ಇಳಿಯಲಿಲ್ಲ. ಆಮೇಲೆ ಆ ವಲಯಕ್ಕೂ ಅಯೋಡೇಟ್ ಉಪ್ಪು ಕೊಟ್ಟಾಗ ಅಲ್ಲೂ ಇಳಿಯಿತು. ದೇಹಕ್ಕೆ ಎರಡು ಲವಣಗಳೂ ಒಗ್ಗುತ್ತವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಹಿಮಾಲಯದ ತಪ್ಪಲಿನ ಕಾಯಿಲೆ ಎಂದುಕೊಂಡಿದ್ದು ಆಮೇಲೆ ದೇಶದ ಉಳಿದ ಭಾಗಗಳಲ್ಲೂ ಕಂಡಿತು. ನಮ್ಮ ಮಲೆನಾಡು, ಕರಾವಳಿಯೂ ಹೊರತಾಗಲಿಲ್ಲ. ಕೊರತೆಯ ಫಲ ಕತ್ತಿನ ಬಾವು ಮಾತ್ರವಲ್ಲ, ಗರ್ಭದಲ್ಲಿರುವ ಮಗುವಿನ ಮಿದುಳಿನ ಬೆಳವಣಿಗೆಯೂ ಕುಂಠಿತವಾಗುತ್ತದೆ ಎಂಬ ತಿಳಿವಳಿಕೆ ಬಂದ ಮೇಲೆ, 1992ರಲ್ಲಿ ಕಾರ್ಯಕ್ರಮದ ಹೆಸರನ್ನೇ ಅಯೋಡಿನ್ ಕೊರತೆಯ ತೊಂದರೆಗಳ ನಿಯಂತ್ರಣ ಕಾರ್ಯಕ್ರಮ ಎಂದು ಬದಲಿಸಿದರು.

ಎರಡೂ ಒಗ್ಗುತ್ತವೆಂದ ಮೇಲೆ ಅಯೋಡೇಟೇ ಏಕೆ? ಉತ್ತರ ಇರುವುದು ದೇಹದಲ್ಲಲ್ಲ, ಗೋದಾಮಿನಲ್ಲಿ. ಅಯೋಡೈಡ್ ಗಾಳಿ, ತೇವ, ಬೆಳಕು ಹಾಗೂ ಉಪ್ಪಿನಲ್ಲಿರುವ ಕಲ್ಮಶಗಳ ಸಂಗಡ ಮೆಲ್ಲಗೆ ವರ್ತಿಸಿ ಶುದ್ಧ ಅಯೋಡಿನ್ ಆಗಿ ಮಾರ್ಪಡುತ್ತದೆ. ಅದು ಆವಿಯಾಗಿ ಹಾರಿಹೋಗುತ್ತದೆ. ಚೆನ್ನಾಗಿ ಶುದ್ಧೀಕರಿಸಿ, ಒಣಗಿಸಿ, ತಂಪು ಹವೆಯ ದೇಶದಲ್ಲಿ ಮಾರುವ ಉಪ್ಪಿಗೆ ಇದು ದೊಡ್ಡ ತೊಂದರೆಯಲ್ಲ. ಅಮೆರಿಕದಲ್ಲಿ ಅಯೋಡೈಡಿಗೆ ಸ್ವಲ್ಪ ಸಕ್ಕರೆಯಂಶ ಸೇರಿಸಿ ಅದನ್ನು ಕಾಪಾಡಿಕೊಳ್ಳುತ್ತಾರೆ. ನಮ್ಮ ಉಪ್ಪಿನ ಕತೆ ಬೇರೆ. ಬಹುಪಾಲು ಗುಜರಾತಿನ ಆಗರಗಳಲ್ಲಿ ಬಿಸಿಲಿಗೆ ಒಣಗಿ, ರೈಲು ಲಾರಿಗಳಲ್ಲಿ ಸಾವಿರಾರು ಕಿಲೋಮೀಟರ್ ಬಂದು, ಮುಂಗಾರಿನ ತೇವದಲ್ಲಿ ಚೀಲದೊಳಗೆ ಕುಳಿತು, ಕೊನೆಗೆ ಒಲೆಯ ಪಕ್ಕದ ಡಬ್ಬಿ ಸೇರುತ್ತದೆ. ಈ ದಾರಿಯನ್ನು ಅಯೋಡೇಟ್ ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತದೆ. ಅಷ್ಟಾದರೂ ಸ್ವಲ್ಪ ನಷ್ಟ ಇದ್ದೇ ಇರುತ್ತದೆ ಎಂದು ಒಪ್ಪಿಕೊಂಡೇ ನಿಯಮ ಎರಡು ಮಟ್ಟ ಇಟ್ಟಿದೆ: ತಯಾರಿಕೆಯ ಹಂತದಲ್ಲಿ ಹೆಚ್ಚು, ಗ್ರಾಹಕನ ಕೈ ಸೇರುವಾಗ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್. ದಿನಕ್ಕೆ 10 ಗ್ರಾಂ ಉಪ್ಪು ತಿನ್ನುವವನಿಗೆ 15ರ ಮಟ್ಟದಲ್ಲೂ 150 ಮೈಕ್ರೋಗ್ರಾಂ ಸಿಗುತ್ತದೆ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು ಅಷ್ಟೇ. ‘ಕುದಿಸಿದರೆ ಅಯೋಡಿನ್ ಎಲ್ಲ ಹಾರಿಹೋಗುತ್ತದೆ, ಹಾಗಾದರೆ ಆ ಉಪ್ಪು ಏಕೆ’ ಎಂಬ ವಾದ ಧಾತುವಿಗೆ ಸಲ್ಲುತ್ತದೆ, ಅಯೋಡೈಡಿಗೆ ಅಷ್ಟಿಷ್ಟು ಸಲ್ಲುತ್ತದೆ, ಅಯೋಡೇಟಿಗೆ ಬಹುಮಟ್ಟಿಗೆ ಸಲ್ಲುವುದಿಲ್ಲ. ಹೆಸರಿಟ್ಟು ಹೇಳದೆ ಹೋದಾಗ ಮೂರಕ್ಕೂ ಒಂದೇ ವಾದ ಅಂಟಿಕೊಳ್ಳುತ್ತದೆ.

ಶಾಲೆಯ ಪ್ರಯೋಗಾಲಯದಲ್ಲೂ ಇದೇ ಗೊಂದಲ. ಆಲೂಗಡ್ಡೆಯ ಹೋಳಿಗೆ ಅಯೋಡಿನ್ ದ್ರಾವಣದ ಹನಿ ಬಿದ್ದರೆ ಕಡುನೀಲಿಯಾಗುತ್ತದೆ, ಪಿಷ್ಟ ಇದೆ ಎಂದು ಗೊತ್ತಾಗುತ್ತದೆ ಎಂಬುದು ಪ್ರತಿ ಮಗುವೂ ಕಲಿಯುವ ಪಾಠ. ಬುದ್ಧಿವಂತ ಹುಡುಗಿಯೊಬ್ಬಳು ಅನ್ನದ ಗಂಜಿಗೆ ಅಂಗಡಿಯ ಉಪ್ಪು ಉದುರಿಸಿದರೆ ನೀಲಿ ಬರುವುದಿಲ್ಲ. ಅಯೋಡಿನ್ ಉಪ್ಪು ಎಂಬುದೇ ಮೋಸ ಎಂದು ಅವಳು ತೀರ್ಮಾನಿಸಿದರೆ ತಪ್ಪು ಅವಳದಲ್ಲ. ಪಿಷ್ಟ ನೀಲಿಯಾಗುವುದು ಬಿಡುಗಡೆಯಾದ ಅಯೋಡಿನ್ನಿಗೆ, ಅಯೋಡೇಟಿಗೆ ಅಲ್ಲ. ಉಪ್ಪು ಪರೀಕ್ಷೆಯ ಕಿಟ್‌ಗಳಲ್ಲಿ ಪಿಷ್ಟದ ಜೊತೆಗೆ ಆಮ್ಲವನ್ನೂ ಅಯೋಡೈಡನ್ನೂ ಇಟ್ಟಿರುತ್ತಾರೆ. ಉಪ್ಪಿನಲ್ಲಿರುವ ಅಯೋಡೇಟ್ ಮತ್ತು ಕಿಟ್ಟಿನ ಅಯೋಡೈಡ್ ಆಮ್ಲದಲ್ಲಿ ಸೇರಿದಾಗ ಅಯೋಡಿನ್ ಹೊರಬಂದು ಪಿಷ್ಟ ನೀಲಿಯಾಗುತ್ತದೆ. ಅಯೋಡೇಟಿಗೆಂದು ಮಾಡಿದ ಇದೇ ಹನಿಯನ್ನು ಅಯೋಡೈಡ್ ಬೆರೆಸಿದ ವಿದೇಶಿ ಉಪ್ಪಿಗೆ ಹಾಕಿದರೆ ನೀಲಿ ಬಾರದು. ಎರಡು ಲವಣಗಳ ವ್ಯತ್ಯಾಸವನ್ನು ಇಷ್ಟು ಅಂದವಾಗಿ ತೋರಿಸುವ ಪಾಠ ನಮ್ಮ ಮುಂದಿದ್ದೂ ಅದನ್ನು ಪಾಠವಾಗಿ ಬಳಸಿಕೊಳ್ಳದೆ ಇದ್ದೇವೆ.

‘ಸಮುದ್ರದ ಉಪ್ಪಿನಲ್ಲೇ ಸಹಜವಾಗಿ ಅಯೋಡಿನ್ ಇರುತ್ತದೆ, ಕಾರ್ಖಾನೆಯವರು ಅದನ್ನು ತೆಗೆದು ರಾಸಾಯನಿಕ ಬೆರೆಸುತ್ತಾರೆ’ ಎಂಬುದು ಇನ್ನೊಂದು ಜನಪ್ರಿಯ ನಂಬಿಕೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ, ಸುಮಾರು 60 ಮೈಕ್ರೋಗ್ರಾಂ ಅಯೋಡಿನ್ ಇರುತ್ತದೆ. ಅದೂ ಬಹುಪಾಲು ಅಯೋಡೇಟ್ ಮತ್ತು ಅಯೋಡೈಡ್ ರೂಪದಲ್ಲೇ. ಒಂದು ಕಣವೂ ಕಳೆಯದೆ ಎಲ್ಲವೂ ಉಪ್ಪಿಗೆ ಬಂತೆಂದು ಧಾರಾಳವಾಗಿ ಲೆಕ್ಕ ಹಾಕಿದರೂ, ದಿನದ 150 ಮೈಕ್ರೋಗ್ರಾಮಿಗೆ 85 ಗ್ರಾಮಿಗೂ ಹೆಚ್ಚು ಉಪ್ಪು ತಿನ್ನಬೇಕಾಗುತ್ತದೆ. ವಾಸ್ತವದಲ್ಲಿ ಉಪ್ಪು ಹರಳುಗಟ್ಟುವಾಗ ಹೆಚ್ಚಿನ ಪಾಲು ಉಳಿಕೆಯ ಕಹಿನೀರಿನಲ್ಲೇ ಹೋಗುತ್ತದೆ. ಗೋಕರ್ಣದ ಬಳಿಯ ಸಾಣೀಕಟ್ಟೆಯ ಆಗರದ ಉಪ್ಪಿಗೆ ಅದರದೇ ರುಚಿ ಇದೆ, ಮಿಡಿ ಉಪ್ಪಿನಕಾಯಿಗೆ ಕಲ್ಲುಪ್ಪೇ ಬೇಕೆನ್ನುವವರ ಹಟಕ್ಕೂ ಅರ್ಥವಿದೆ. ನಮ್ಮಲ್ಲಿ ಕಾನೂನಿನ ನಿಷೇಧ ಇರುವುದು ನೇರವಾಗಿ ತಿನ್ನಲು ಮಾರುವ, ಅಯೋಡಿನ್ ಬೆರೆಸದ ಬರಿಯ ಉಪ್ಪಿಗೆ ಮಾತ್ರ. ರುಚಿಯ ಕಾರಣಕ್ಕೆ ಆರಿಸಿಕೊಳ್ಳುವುದು ಒಂದು, ಅದರಲ್ಲಿ ಅಯೋಡಿನ್ ತುಂಬಿದೆ ಎಂದು ನಂಬಿ ಗರ್ಭಿಣಿಗೆ ಅದನ್ನೇ ಬಡಿಸುವುದು ಇನ್ನೊಂದು. ಇಂದುಪ್ಪಿನ ಗುಲಾಬಿ ಬಣ್ಣದ ಬಗ್ಗೆಯೂ ಇದೇ ಮಾತು.

ಭಯದ ಕಡೆಯ ಉದಾಹರಣೆಗೆ 2016ನ್ನು ನೋಡಬಹುದು. ಆ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಬ್ರೆಡ್ಡಿನ 38 ಮಾದರಿಗಳನ್ನು ಪರೀಕ್ಷಿಸಿ, ಶೇ 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಇದೆ ಎಂದು ಪ್ರಕಟಿಸಿತು. ಆಹಾರ ಸುರಕ್ಷತಾ ಪ್ರಾಧಿಕಾರ ಜೂನ್‌ನಲ್ಲಿ ಬ್ರೋಮೇಟನ್ನು ನಿಷೇಧಿಸಿ, ಅಯೋಡೇಟಿನ ವಿಚಾರವನ್ನು ವೈಜ್ಞಾನಿಕ ಸಮಿತಿಗೆ ಒಪ್ಪಿಸಿತು. ಕ್ಯಾನ್ಸರಿನ ಅನುಮಾನ ಇದ್ದದ್ದು ಬ್ರೋಮೇಟಿನ ಮೇಲೆ. ಅಯೋಡೇಟಿನ ಮೇಲಿದ್ದ ಆಕ್ಷೇಪ, ಈಗಾಗಲೇ ಉಪ್ಪಿನಿಂದ ಅಯೋಡಿನ್ ಸಿಗುತ್ತಿರುವಾಗ ಬ್ರೆಡ್ಡಿನಿಂದಲೂ ಬಂದು ಥೈರಾಯಿಡಿಗೆ ಹೆಚ್ಚಾದೀತು ಎಂಬುದು. ಸಂಸ್ಥೆಯ ಆಕ್ಷೇಪ ನ್ಯಾಯವಾದದ್ದೇ. ಆದರೆ ಎರಡು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ ಸುದ್ದಿ ಓದಿದವನಿಗೆ ಮನಸ್ಸಿನಲ್ಲಿ ನಿಂತದ್ದು ‘ಕ್ಯಾನ್ಸರ್ ತರುವ ಅಯೋಡೇಟ್’ ಎಂಬುದಾದರೆ, ಅದೇ ಹೆಸರನ್ನು ಉಪ್ಪಿನ ಪೊಟ್ಟಣದ ಮೇಲೆ ಕಂಡಾಗ ಅವನು ಬೆಚ್ಚುವುದು ಸಹಜ. ಹಿಟ್ಟಿಗೆ ಹಾಕುವುದು ಹಿಟ್ಟಿನ ಗುಣ ತಿದ್ದಲು, ಉಪ್ಪಿಗೆ ಹಾಕುವುದು ಪೋಷಣೆಗೆ. ಎರಡರ ಪ್ರಮಾಣವೂ ಉದ್ದೇಶವೂ ಬೇರೆ. ಅದೇ ರೀತಿ ಉಪ್ಪು ಗಂಟು ಕಟ್ಟದಿರಲೆಂದು ಹಾಕುವ ಪೊಟ್ಯಾಸಿಯಂ ಫೆರೋಸೈನೈಡಿನ ಹೆಸರಿನಲ್ಲಿ ಸೈನೈಡ್ ಇದೆ ಎಂದು 2019ರಲ್ಲಿ ಗುಲ್ಲೆದ್ದಿತು. ಆ ಸೈನೈಡ್ ಕಬ್ಬಿಣಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಕಿಲೋಗೆ 10 ಮಿಲಿಗ್ರಾಮಿಗಿಂತ ಹೆಚ್ಚು ಹಾಕುವಂತಿಲ್ಲ.

ಭರವಸೆಯ ಕಡೆಯ ಪ್ರಮಾದ ಇನ್ನೂ ಅಪಾಯಕಾರಿ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ದುರಂತದ ಸುದ್ದಿ ಬಂದಾಗ ಚೀನಾದಲ್ಲಿ ಜನ ಅಂಗಡಿಗಳಿಗೆ ಮುಗಿಬಿದ್ದು ಅಯೋಡಿನ್ ಉಪ್ಪು ಕೊಂಡು ಕಪಾಟು ಖಾಲಿ ಮಾಡಿದರು. ವಿಕಿರಣಶೀಲ ಅಯೋಡಿನ್ ಗಾಳಿಯಲ್ಲಿ ಬಂದರೆ ಥೈರಾಯಿಡ್ ಅದನ್ನು ಹೀರಿಕೊಳ್ಳದಂತೆ ಮುಂಚಿತವಾಗಿ ಸಾಧಾರಣ ಅಯೋಡಿನ್ ತುಂಬಿಸಿಬಿಡಬೇಕು ಎಂಬ ತತ್ವ ನಿಜ. 1986ರಲ್ಲಿ ಚೆರ್ನೋಬಿಲ್ ಆದಾಗ ಪೋಲೆಂಡ್ ಸುಮಾರು ಒಂದು ಕೋಟಿ ಮಕ್ಕಳಿಗೆ ಪೊಟ್ಯಾಸಿಯಂ ಅಯೋಡೈಡ್ ಕುಡಿಸಿತ್ತು. ಆದರೆ ಅದಕ್ಕೆ ವಯಸ್ಕನಿಗೆ ಬೇಕಾದದ್ದು ಒಮ್ಮೆಗೆ 100 ಮಿಲಿಗ್ರಾಂ ಅಯೋಡಿನ್, ಅಂದರೆ 130 ಮಿಲಿಗ್ರಾಂ ಅಯೋಡೈಡ್ ಅಥವಾ 170 ಮಿಲಿಗ್ರಾಂ ಅಯೋಡೇಟಿನ ಮಾತ್ರೆ. ಅಷ್ಟನ್ನು ಕಿಲೋಗೆ 30 ಮಿಲಿಗ್ರಾಂ ಇರುವ ಉಪ್ಪಿನಿಂದ ಪಡೆಯಲು ಮೂರು ಕಿಲೋಗಿಂತ ಹೆಚ್ಚು ಉಪ್ಪು ನುಂಗಬೇಕು. ವಿಕಿರಣಕ್ಕೆ ಮೊದಲೇ ಉಪ್ಪು ಕೊಲ್ಲುತ್ತದೆ. ಇನ್ನು ಆ ಮಾತ್ರೆಯಾದರೂ ಕಾಯುವುದು ಥೈರಾಯಿಡನ್ನು ಮಾತ್ರ, ಸೀಸಿಯಂನಂಥ ಬೇರೆ ವಿಕಿರಣಶೀಲ ವಸ್ತುಗಳಿಂದ ಅಲ್ಲ. ಉತ್ತರ ಕನ್ನಡದ ಕೈಗಾದಲ್ಲಿ ಅಣು ವಿದ್ಯುತ್ ಘಟಕಗಳನ್ನು ಇಟ್ಟುಕೊಂಡಿರುವ ರಾಜ್ಯದ ಜನರಿಗೆ ಮಾತ್ರೆಯ ಅಯೋಡೈಡ್ ಬೇರೆ, ಉಪ್ಪಿನ ಅಯೋಡೇಟ್ ಬೇರೆ, ಟಿಂಚರಿನ ಅಯೋಡಿನ್ ಬೇರೆ ಎಂದು ಕನ್ನಡದಲ್ಲಿ ತಿಳಿದಿರಬೇಕಾದದ್ದು ಪಾಂಡಿತ್ಯದ ಮಾತಲ್ಲ. ಗಾಬರಿಯಲ್ಲಿ ಯಾರೂ ಟಿಂಚರ್ ಕುಡಿಯಬಾರದಲ್ಲ!

ಲವಣವನ್ನು ಹೆಸರಿಟ್ಟು ಹೇಳಬೇಕೆಂಬ ವಾದಕ್ಕೆ ಬರುವ ಮೊದಲ ಆಕ್ಷೇಪ ಸರಳ: ಹೊಟ್ಟೆಗೆ ಹೋದ ಮೇಲೆ ಅಯೋಡೇಟ್ ಬೇಗನೆ ಅಯೋಡೈಡ್ ಆಗಿಯೇ ಬದಲಾಗುತ್ತದೆ, ಥೈರಾಯಿಡ್ ಹೀರಿಕೊಳ್ಳುವುದೂ ಅಯೋಡೈಡನ್ನೇ; ಹಾಗಿರುವಾಗ ಜನಸಾಮಾನ್ಯನಿಗೆ ಈ ವ್ಯತ್ಯಾಸ ಏಕೆ? ದೇಹದ ಮಟ್ಟಿಗೆ ಇದು ಸಂಪೂರ್ಣ ಸರಿ. ಆದರೆ ಜನಸಾಮಾನ್ಯನ ಪ್ರಶ್ನೆಗಳು ದೇಹದೊಳಗಿನವಲ್ಲ. ಡಬ್ಬಿ ಮುಚ್ಚಿಡಬೇಕೇ, ಕುದಿಸಿದರೆ ಹೋಗುತ್ತದೆಯೇ, ಹಿಟ್ಟಿನಲ್ಲಿರುವುದೂ ಇದೇ ಏನು, ಮಾತ್ರೆ ಬದಲು ಉಪ್ಪು ತಿಂದರೆ ನಡೆಯುತ್ತದೆಯೇ ಎಂದು ಅವನು ಕೇಳುತ್ತಾನೆ. ಇವೆಲ್ಲಕ್ಕೂ ಉತ್ತರ ರೂಪ ಮತ್ತು ಪ್ರಮಾಣದಲ್ಲಿದೆ. ಕಬ್ಬಿಣ ಹಾಗೂ ಅಯೋಡಿನ್ ಎರಡನ್ನೂ ಸೇರಿಸಿದ ಉಪ್ಪನ್ನು ರೂಪಿಸಲು ಹೊರಟ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಂಥ ಕಡೆಗಳಲ್ಲಿ ವಿಜ್ಞಾನಿಗಳು ತಲೆಕೆಡಿಸಿಕೊಂಡದ್ದೂ ಇದಕ್ಕೇ: ಕಬ್ಬಿಣದ ಲವಣ ಅಯೋಡಿನ್ನಿನ ಲವಣವನ್ನು ಪಕ್ಕದಲ್ಲಿ ನೆಮ್ಮದಿಯಾಗಿರಲು ಬಿಡುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ. ‘ಪೊಟ್ಯಾಸಿಯಂ ಅಯೋಡೇಟ್’ ಎಂದು ದೊಡ್ಡದಾಗಿ ಹೇಳಿದರೆ ಜನ ಅದನ್ನು ರಾಸಾಯನಿಕ ಎಂದು ದೂರ ಇಡುತ್ತಾರೆ, ‘ಅಯೋಡಿನ್’ ಎಂಬ ಪರಿಚಿತ ಪದವೇ ಕೆಲಸ ಮಾಡುತ್ತಿರುವಾಗ ಏಕೆ ಕೆದಕಬೇಕು ಎಂದು ಆರೋಗ್ಯ ಪ್ರಚಾರ ಮಾಡುವವರು ಕೇಳಿಯಾರು. ಆದರೆ ಆ ಹೆಸರು ಈಗಾಗಲೇ ಪೊಟ್ಟಣದ ಮೇಲಿದೆ. ಅದನ್ನು ಮೊದಲು ವಿವರಿಸುವವರು ನಾವೋ, ಮೊಬೈಲಿನಲ್ಲಿ ಹರಿದಾಡುವ ಹೆದರಿಸುವ ವಿಡಿಯೋಗಳೋ ಎಂಬುದಷ್ಟೇ ಉಳಿದ ಆಯ್ಕೆ. ಮುಚ್ಚಿಟ್ಟ ಹೆಸರನ್ನು ಬೇರೆಯವರು ಬಯಲಿಗೆಳೆದಾಗ ಅದು ಪಿತೂರಿಯಂತೆ ಕಾಣುತ್ತದೆ. ಸೋಡಿಯಂ ಬೈಕಾರ್ಬನೇಟ್ ಎಂದು ಕೇಳಿ ಬೆದರುವವನೂ ಅಡುಗೆ ಸೋಡ ಎಂದರೆ ಬೆದರುವುದಿಲ್ಲ. ಎರಡೂ ಹೆಸರನ್ನು ಜೊತೆಗೆ ಕೇಳಿ ಬೆಳೆದವನು ಯಾವುದಕ್ಕೂ ಬೆದರುವುದಿಲ್ಲ.

ಮೂರನೆಯದು ಕಡ್ಡಾಯದ ಬಗೆಗಿನ ತಕರಾರು. ಅಯೋಡಿನ್ ಇಲ್ಲದ ಉಪ್ಪಿನ ಮೇಲಿನ ನಿಷೇಧ 2000ದಲ್ಲಿ ತೆರವಾಗಿ, 2006ರ ಮೇ ತಿಂಗಳಿಂದ ಮತ್ತೆ ಜಾರಿಗೆ ಬಂತು. 2011ರಲ್ಲಿ ಸುಪ್ರೀಂ ಕೋರ್ಟ್, ಕಲಬೆರಕೆ ತಡೆ ಕಾಯ್ದೆಯಡಿ ಇಂಥ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿಲ್ಲ ಎಂದು ಹೇಳಿ, ಜನಾರೋಗ್ಯವನ್ನು ಗಮನಿಸಿ ಅದನ್ನು ಆರು ತಿಂಗಳು ಉಳಿಸಿತು. ಆ ನಿಷೇಧ ಇಂದು ಆಹಾರ ಸುರಕ್ಷತಾ ಕಾಯ್ದೆಯ ನಿಯಮಗಳಡಿ ಮುಂದುವರಿದಿದೆ. ಥೈರಾಯಿಡ್ ತೊಂದರೆ ಇರುವವರಿಗೆ ಇದರಿಂದ ಹೆಚ್ಚಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅಯೋಡಿನ್ ಅತಿಯಾದರೂ ಗ್ರಂಥಿ ಏರುಪೇರಾಗುತ್ತದೆ. ಆದರೆ 30ರ ಮಟ್ಟದ ಉಪ್ಪನ್ನು ದಿನಕ್ಕೆ 10 ಗ್ರಾಂ ತಿಂದರೂ ಬರುವುದು 300 ಮೈಕ್ರೋಗ್ರಾಂ. ಅಮೆರಿಕದ ತಜ್ಞರು ವಯಸ್ಕರಿಗೆ ಹಾಕಿರುವ ಮೇಲ್ಮಿತಿ 1100. ಡೆನ್ಮಾರ್ಕ್ 2000ದಲ್ಲಿ ಕಿಲೋಗೆ 13 ಮಿಲಿಗ್ರಾಂ ಎಂದು ಕಡ್ಡಾಯ ಮಾಡಿ, ಥೈರಾಯಿಡ್ ರೋಗಗಳ ಏರಿಳಿತವನ್ನು ವರ್ಷಾನುಗಟ್ಟಲೆ ದಾಖಲಿಸಿ, ಸಾಲದೆಂದು ಕಂಡಾಗ 2019ರಲ್ಲಿ 20ಕ್ಕೆ ಏರಿಸಿತು. ಕಡ್ಡಾಯ ಮಾಡುವ ಸರ್ಕಾರ ಹೀಗೆ ಅಳೆಯುತ್ತಲೂ ಇರಬೇಕು. ರಕ್ತದೊತ್ತಡದ ಕಾರಣಕ್ಕೆ ಉಪ್ಪನ್ನು 5 ಗ್ರಾಮಿಗೆ ಇಳಿಸಿ ಎಂದು ಒಂದು ಕಡೆ ಹೇಳುತ್ತಿರುವಾಗ, 15ರ ಮಟ್ಟದಲ್ಲಿ ಆ 5 ಗ್ರಾಂ ಕೊಡುವುದು 75 ಮೈಕ್ರೋಗ್ರಾಂ ಮಾತ್ರ ಎಂಬ ಲೆಕ್ಕವನ್ನು ಇನ್ನೊಂದು ಕಡೆ ನೋಡಲೇಬೇಕಾಗುತ್ತದೆ.

ಈ ಚರ್ಚೆಯಲ್ಲಿ ಕನ್ನಡ ಓದುಗ ಪಾಲ್ಗೊಳ್ಳಬೇಕಾದರೆ ಪೊಟ್ಟಣದ ಹಿಂಬದಿಯ ಸಣ್ಣಕ್ಷರದ ಪಟ್ಟಿ ಅವನಿಗೆ ಓದಲು ಬರುವಂತಿರಬೇಕು. ಆಹಾರ ನಿಯಮದ ಪ್ರಕಾರ ಪೊಟ್ಟಣದ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆ ಹಾಕುವುದು ತಯಾರಕರ ಮರ್ಜಿ. ನಾವು ತಿನ್ನುವ ಉಪ್ಪು ಹೊರರಾಜ್ಯಗಳಿಂದ ಬರುವಾಗ, ರಾಜ್ಯದೊಳಗೆ ತಯಾರಾದ ಸರಕಿಗೆ ಮಾಡಿದ ಕನ್ನಡದ ಕಾನೂನು ಅಷ್ಟು ದೂರ ಹೋಗಲಾರದು. ಆದರೆ ಸರ್ಕಾರ ಪಡಿತರ ಅಂಗಡಿಗೂ ಬಿಸಿಯೂಟಕ್ಕೂ ಅಂಗನವಾಡಿಗೂ ಉಪ್ಪು ಕೊಳ್ಳುವಾಗ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ: ‘ಅಯೋಡಿನ್, ಪೊಟ್ಯಾಸಿಯಂ ಅಯೋಡೇಟ್ ರೂಪದಲ್ಲಿ, ಕಿಲೋಗೆ ಇಷ್ಟು ಮಿಲಿಗ್ರಾಂ, ತೇವ ತಾಗದಂತೆ ಮುಚ್ಚಿಡಿ’ ಎಂಬ ಒಂದು ಸಾಲು, ಕನ್ನಡದಲ್ಲಿ, ಮುಂಭಾಗದಲ್ಲೇ.